ಮುಂಗಡ ಸ್ತೋತ್ರ

ಸೆಪ್ಟೆಂಬರ್ 3, ಬುಧವಾರ

ಕರ್ತನೇ, ಮೊದಲಿಗೆ ಕ್ಷಮೆ. ಈ ಹೊತ್ತು ನಿಮ್ಮದು. ಬೆಳಗಿನ ಅರ್ಧ ಗಂಟೆ ಮಂಡಿಯೂರಿ ಕೂರಬೇಕಾದವಳು ಮಂಚದ ಮೇಲೆ ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಅನಾಟಮಿ ಟೆಸ್ಟು ಕಾಣಿಸುತ್ತದೆ, ಇಲ್ಲವೇ ಅಕ್ಕನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುವುದು ಕೇಳಿಸುತ್ತದೆ. ಬರೆದರೆ ಮನಸ್ಸು ಒಂದು ಕಡೆ ನಿಂತೀತು ಎಂದು, ಅಷ್ಟೇ. ಡೈರಿ ಬರೆದು ಅಭ್ಯಾಸವಿಲ್ಲ. ಆರನೇ ವಯಸ್ಸಿಗೇ ಹಾಸ್ಟೆಲ್ ಸೇರಿದವಳು ನಾನು. ಅಲ್ಲಿ ನಮ್ಮ ಡೈರಿಗಳನ್ನು ವಾರ್ಡನ್ ಓದುತ್ತಿದ್ದರು. ಹಾಗಾಗಿ ನಾವೆಲ್ಲ ಹನ್ನೆರಡು ವರ್ಷ ಬಹಳ ಖುಷಿಯಾಗಿದ್ದೆವು.

ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸಲೀಸು. ಅದಕ್ಕೇ ಬೇಡ. ಇಂಗ್ಲಿಷಿನಲ್ಲಿ ಏನು ಬರೆದರೂ ರಜಾ ಅರ್ಜಿಯ ಥರ ಆಗುತ್ತದೆ. ಮನೆಮಾತು ಅರ್ಧಂಬರ್ಧ, ರಜೆಗೆ ಹೋದಾಗ ಅಕ್ಕನಿಂದ ಕಲಿತದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಇಷ್ಟು. ಅಕ್ಕನ ಮಗು ತೀರಿಕೊಂಡು ಮೂರು ವಾರವಾಯಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಗಂಡುಮಗು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಮನೆಗೆ ಬರಲೇ ಇಲ್ಲ. ನಾನು ನೋಡಿಲ್ಲ. ನನಗೆ ಟೆಸ್ಟ್ ಇತ್ತು; "ಬರಬೇಡ, ಸಾಯಂಕಾಲದೊಳಗೆ ಎಲ್ಲಾ ಮುಗಿದಿರುತ್ತೆ" ಎಂದಳು ಅಮ್ಮ. ಅವತ್ತಿನಿಂದ ಅಕ್ಕ ನನ್ನ ಫೋನು ಎತ್ತಿಲ್ಲ. ದಿನಾ ವಾಟ್ಸಾಪಿನಲ್ಲಿ ಬೈಬಲ್ಲಿನ ಒಂದು ವಚನ ಕಳಿಸುತ್ತೇನೆ. ಎರಡು ನೀಲಿ ಗೆರೆ ಬರುತ್ತವೆ. ಓದುತ್ತಾಳೆ, ಓದಿ ಸುಮ್ಮನಿರುತ್ತಾಳೆ.

ಅವಳು ನಿಮ್ಮ ಮೇಲೆ ಮುನಿಸಿಕೊಂಡಿರಬೇಕು. ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಸೆಪ್ಟೆಂಬರ್ 5, ಶುಕ್ರವಾರ

ನಿನ್ನೆ ಗುರುವಾರದ ಪ್ರಾರ್ಥನಾ ಕೂಟ. ಕಾಲೇಜು ಮುಗಿದ ಮೇಲೆ, ಹಲ್ಲಿನ ಅಚ್ಚುಗಳಿಗೆ ಬಿಳಿ ಪುಡಿ ಕಲಸುವ ಪ್ಲಾಸ್ಟರ್ ರೂಮಿನಲ್ಲಿ ಸ್ಟೂಲುಗಳನ್ನು ದುಂಡಗೆ ಹಾಕಿಕೊಂಡು ಹನ್ನೆರಡು-ಹದಿನಾಲ್ಕು ಮಂದಿ ಕೂರುತ್ತೇವೆ. ಎದ್ದಾಗ ಎಲ್ಲರ ಹಿಂಭಾಗವೂ ಬೆಳ್ಳಗೆ. ಡೆಂಟಲ್ ಕಾಲೇಜಾದ್ದರಿಂದ ಉಳಿದವರು ನಮಗಿಟ್ಟಿರುವ ಹೆಸರು 'ಹಲ್ಲೆಲೂಯ ಬಳಗ'. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಈಗ ನಗು ಬರುತ್ತದೆ, ಆದರೆ ಒಬ್ಬಳೇ ಇದ್ದಾಗ ಮಾತ್ರ.

ಕೂಟ ನಡೆಸುವುದು ಮೂರನೇ ವರ್ಷದ ಹುಡುಗಿ. ಎಲ್ಲರೂ ಅವಳನ್ನು ಲೀಡರ್ ಎಂದೇ ಕರೆಯುತ್ತಾರೆ. ಅವಳು ನನ್ನ ಕೈ ಹಿಡಿದುಕೊಂಡು, "ಇಪ್ಪತ್ತೈದನೇ ತಾರೀಕು ನೀನು ಮಾತಾಡ್ಬೇಕು. ವಿಷಯ, ದೇವರು ನೋವನ್ನ ಯಾಕೆ ಬಿಡ್ತಾನೆ ಅಂತ," ಎಂದಳು.

"ನಾನಾ? ಫಸ್ಟ್ ಇಯರ್ ನಾನು."

"ನಿಮ್ಮನೇಲೇ ಆಗಿದೆ ನೋಡು. ನಾನು ಹೇಳಿದ್ರೆ ಪಾಠ, ನೀನು ಹೇಳಿದ್ರೆ ಸಾಕ್ಷಿ."

ಬೇಡ ಎನ್ನುವ ಧೈರ್ಯ ನನಗೆಲ್ಲಿದೆ? ಹೂಂ ಎಂದುಬಿಟ್ಟೆ. 

ಮುಂಗಡ ಸ್ತೋತ್ರವನ್ನು ನಾನು ಕಲಿತದ್ದೂ ಅವಳಿಂದಲೇ. ಬೇಕಾದ್ದನ್ನು ಕೇಳಿಕೊಳ್ಳುವುದಲ್ಲ, ಸಿಕ್ಕಿಯೇ ಆಯಿತೆಂದು ಮೊದಲೇ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳಿಬಿಡುವುದು. ಹೇಳಿದ ಮೇಲೆ ಮತ್ತೆ ಕೇಳಬಾರದು, ಕೇಳಿದರೆ ಅವಿಶ್ವಾಸ. ಮಗು ಪೆಟ್ಟಿಗೆಯಲ್ಲಿದ್ದಾಗ ಇದೇ ಪ್ಲಾಸ್ಟರ್ ರೂಮಿನಲ್ಲಿ ನಾನು ಎದ್ದು ನಿಂತು ಸ್ತೋತ್ರ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮೈ ಜುಮ್ಮೆಂದಿತ್ತು. ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಇನ್ನು ಕೇಳೋದು ಬೇಡ. ಆಗೋಗಿದೆ ಅಂತ ಇರು. ಅಳ್ಬೇಡ, ಅತ್ರೆ ಅವಿಶ್ವಾಸ."

"ನಿಜ ಏನೇ?"

"ನಿಜ ಅಕ್ಕ."

"ಸರಿ ಬಿಡು. ನೀನು ಹೇಳಿದ್ಮೇಲೆ ಸರಿ."

ಅಷ್ಟು ಹಗುರಾಗಿ ಅವಳು ಮಾತಾಡಿದ್ದು ಎಷ್ಟೋ ತಿಂಗಳ ಮೇಲೆ. ಆಮೇಲೆ ಎಲ್ಲಿ ತಪ್ಪಿತು? ಯಾರದೋ ವಿಶ್ವಾಸ ಕಡಿಮೆ ಬಿದ್ದಿರಬೇಕು. ನನ್ನದಲ್ಲ, ನಾನು ಆ ವಾರವೆಲ್ಲ ಒಂದು ಅನುಮಾನವೂ ಬರದಂತೆ ನೋಡಿಕೊಂಡಿದ್ದೇನೆ. ಅಕ್ಕನದಿರಬಹುದೇ? ಇಂಥದ್ದನ್ನು ಬರೆಯಬಾರದು. ಬರೆದಾಯಿತು.

ಸೆಪ್ಟೆಂಬರ್ 9, ಮಂಗಳವಾರ

ಮೇಣದ ಹಲ್ಲು ಮತ್ತೆ ರಿಜೆಕ್ಟ್. ಸೋಪಿನ ತುಂಡಿನಷ್ಟು ದೊಡ್ಡ ಮೇಣದ ಗಟ್ಟಿಯಿಂದ ಒಂದು ಬಾಚಿಹಲ್ಲು ಕೆತ್ತಬೇಕು, ಅಷ್ಟೇ ಕೆಲಸ. ನಾನು ಕೆತ್ತಿದ್ದನ್ನು ಮೇಡಂ ಬೆಳಕಿಗೆ ಹಿಡಿದು, "ಇದು ಯಾವ ಪ್ರಾಣೀದಮ್ಮ?" ಎಂದರು. ಇಡೀ ಬ್ಯಾಚು ನಕ್ಕಿತು. ನಾನೂ ನಕ್ಕೆ. 

ಭಾಷಣಕ್ಕೆ ಉತ್ತರಗಳನ್ನು ಜೋಡಿಸುತ್ತಿದ್ದೇನೆ. ಲೈಬ್ರರಿಯಲ್ಲಿ ಮೂಲೆಯ ಟೇಬಲ್ ನನ್ನದು, ಎದುರು ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ನೋವು ಪರೀಕ್ಷೆ ಎನ್ನಬಹುದು, ಬೆಂಕಿಗೆ ಹಾಕದೆ ಚಿನ್ನ ಶುದ್ಧವಾಗುವುದಿಲ್ಲ ಎನ್ನಬಹುದು. ಮನುಷ್ಯನಿಗೆ ಸ್ವತಂತ್ರ ಇಚ್ಛೆ ಕೊಟ್ಟಿದ್ದರಿಂದ ಕೆಡುಕೂ ಬಂತು ಎನ್ನುವುದು ಚೆನ್ನಾಗಿದೆ, ವೈವಾದಲ್ಲಿ ಹೇಳಿದರೆ ಹತ್ತಕ್ಕೆ ಎಂಟು ಬರುತ್ತದೆ. ಆದರೆ ತಿಂಗಳು ತುಂಬದ ಮಗುವಿಗೆ ಯಾವ ಇಚ್ಛೆ? ಎಂಟನ್ನು ಐದು ಮಾಡಿದೆ. ಕಸೂತಿಯನ್ನು ನಾವು ಹಿಂಬದಿಯಿಂದ ನೋಡುತ್ತಿದ್ದೇವೆ, ಮುಂದಿನಿಂದ ನೀವು ನೋಡುತ್ತಿದ್ದೀರಿ ಎನ್ನುವುದೇ ಎಲ್ಲಕ್ಕಿಂತ ಸುಂದರ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ.

ಅಕ್ಕನಿಗೂ ಅದನ್ನೇ ಕಳಿಸಿದೆ. ಎರಡು ನೀಲಿ ಗೆರೆ.

ಸೆಪ್ಟೆಂಬರ್ 14, ಭಾನುವಾರ

ಹಾಸ್ಟೆಲ್ ಖಾಲಿ. ಹತ್ತಿರದ ಊರಿನವರೆಲ್ಲ ಮನೆಗೆ ಹೋಗಿದ್ದಾರೆ. ಕಾರಿಡಾರಿನಲ್ಲಿ ಯಾರೋ ಸರಿಯಾಗಿ ತಿರುಗಿಸದ ನಲ್ಲಿ ತೊಟ್ಟಿಕ್ಕುತ್ತಿತ್ತು, ಹೋಗಿ ನಿಲ್ಲಿಸಿ ಬಂದೆ. ಆಮೇಲೆ ಯಾಕಾದರೂ ನಿಲ್ಲಿಸಿದೆನೋ ಅನಿಸಿತು.

ಬೆಳಿಗ್ಗೆ ಚರ್ಚಿಗೆ ಹೋಗಿದ್ದೆ. ದೊಡ್ಡ ಚರ್ಚು. ಎಡಕ್ಕೆ ಒಂದು ಕುಟುಂಬ, ಬಲಕ್ಕೆ ಒಂದು ಕುಟುಂಬ, ನಡುವೆ ನಾನು, ಬಿಟ್ಟ ಸ್ಥಳ ಭರ್ತಿ ಮಾಡಿರಿ ಎನ್ನುವ ಹಾಗೆ.

ಅಮ್ಮ ಫೋನ್ ಮಾಡಿದ್ದಳು. ಅಕ್ಕ ಕೆಲಸಕ್ಕೆ ವಾಪಸ್ ಹೋಗಿದ್ದಾಳಂತೆ. ಅವಳದು ಬಸ್ ನಿಲ್ದಾಣದಲ್ಲಿ ಮೈಕಿನ ಕೆಲಸ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಆಫೀಸಿನಲ್ಲಿ ಕೂತಿದೆ ಎಂದು ಹೇಳುವುದು.

"ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಮೈಕಲ್ಲಿ ಮಾತಾಡ್ತಾಳೆ," ಎಂದಳು ಅಮ್ಮ. "ಮನೆಗೆ ಬಂದ್ರೆ ಬಾಯಿಗೆ ಬೀಗ. ಚರ್ಚಿಗೆ ಬಾ ಅಂದ್ರೆ ಗೋಡೆ ನೋಡ್ತಾಳೆ. ನಾನೂ ಎರಡು ಮಕ್ಕಳನ್ನ ಕಳಕೊಂಡೋಳೇ. ನಾನೇನು ಚರ್ಚು ಬಿಟ್ನಾ?"

ನನಗೆ ಗೊತ್ತೇ ಇರಲಿಲ್ಲ. "ಎರಡಾ? ಯಾವಾಗಮ್ಮ?"

"ನಿಮ್ಮಕ್ಕಂಗೂ ನಿಂಗೂ ಮಧ್ಯೆ. ಸುಮ್ನೆ ಒಂಬತ್ತು ವರ್ಷ ಗ್ಯಾಪ್ ಬರುತ್ತಾ? ಈಗ್ಯಾಕೆ ಆ ಮಾತು. ಊಟ ಮಾಡಿದ್ಯಾ?"

ಊಟ ಮಾಡಿದೆ ಎಂದೆ. ಮಾಡಿರಲಿಲ್ಲ. ಆ ಇಬ್ಬರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಕೇಳಬೇಕಿತ್ತು. ಫೋನು ಇಟ್ಟ ಮೇಲೆ ಹೊಳೆಯಿತು.

ಸೆಪ್ಟೆಂಬರ್ 18, ಗುರುವಾರ

ಇವತ್ತು ಕೂಟಕ್ಕೆ ಹೋಗಲಿಲ್ಲ. ತಲೆನೋವು ಎಂದು ಹೇಳಿಕಳಿಸಿದೆ.

ಮಧ್ಯಾಹ್ನ ಭಾವ ಬಂದಿದ್ದರು. ಅವರು ಲಿಫ್ಟ್ ಮೆಕ್ಯಾನಿಕ್. ಈ ಊರಿನ ಯಾವುದೋ ಬಿಲ್ಡಿಂಗಿನಲ್ಲಿ ಲಿಫ್ಟು ಕೆಟ್ಟು ನಿಂತಿತ್ತಂತೆ, ಕೆಲಸ ಮುಗಿಸಿ ಹಾಗೇ ನನ್ನನ್ನು ನೋಡಲು ಬಂದರು. ಕ್ಯಾಂಟೀನಿನಲ್ಲಿ ಕೂರಿಸಿದೆ.

"ಏನ್ ಡಾಕ್ಟ್ರೇ, ನಮ್ಮ ಹಲ್ಲು ಫ್ರೀಯಾಗಿ ನೋಡ್ತೀರೋ?"

"ಭಾವ, ನಂಗಿನ್ನೂ ಮೇಣದ ಹಲ್ಲೇ ಕೆತ್ತೋಕೆ ಬಂದಿಲ್ಲ."

"ಚಿಂತೆ ಇಲ್ಲ. ನಂದೂ ಮೇಣದ ಥರಾನೇ ಅಲ್ಲಾಡ್ತಿದೆ." ಬನ್ನನ್ನು ಟೀಯಲ್ಲಿ ಅದ್ದಿಕೊಂಡರು. "ಇವತ್ತು ಒಬ್ರು ಅಜ್ಜಿ ಒಳಗೆ ಸಿಕ್ಕಾಕ್ಕೊಂಡಿದ್ರು. ಎಲ್ಲಾ ದೇವರನ್ನೂ ಕರೆದ್ರು. ಬಾಗಿಲು ತೆಗೆದ್ರೆ ನನ್ನನ್ನ ಬೈದ್ರು, ಇಷ್ಟೊತ್ತು ಎಲ್ಲಿ ಹಾಳಾಗೋಗಿದ್ದೆ ಅಂತ. ದೇವರಿಗೆ ಒಂದು ಮಾತಿಲ್ಲ!"

ನಕ್ಕೆವು. ಅವರು ಬನ್ನು ಮುಗಿಸುವ ತನಕ ಕಾದೆ. ನಾನೇ ಕೇಳಿದೆ, "ಅಕ್ಕಂಗೆ ದೇವರ ಮೇಲೆ ಸಿಟ್ಟಾ?"

"ದೇವರ ಮೇಲಾ? ನಂಗೊತ್ತಿಲ್ಲಮ್ಮ. ತನ್ನ ಮೇಲೇ ಅಂತ ಕಾಣುತ್ತೆ. ಎತ್ಕೊಳ್ಲಿಲ್ವಲ್ಲ."

"ಏನನ್ನ?"

"ಪಾಪುನ."

ನನಗೆ ಗೊತ್ತಿದೆ ಎಂದು ಅವರು ತಿಳಿದಿದ್ದರು. ನನ್ನ ಮುಖ ನೋಡಿ, ಲೋಟ ಕೆಳಗಿಟ್ಟು, ನಿಧಾನಕ್ಕೆ ಹೇಳಿದರು. ಕೊನೆಯ ದಿನ ಮಧ್ಯಾಹ್ನ ನರ್ಸ್ ಬಂದು, ಮಗುವನ್ನು ಪೆಟ್ಟಿಗೆಯಿಂದ ತೆಗೆದುಕೊಡುತ್ತೇನೆ, ಸ್ವಲ್ಪ ಹೊತ್ತು ಎದೆಗವಚಿಕೊಂಡು ಕೂರಿ ಎಂದರಂತೆ.

"ಅವರು ಯಾಕೆ ಹಾಗೆ ಹೇಳ್ತಿದ್ದಾರೆ ಅಂತ ನಂಗೂ ಅರ್ಥ ಆಯ್ತು, ಅವಳಿಗೂ ಆಯ್ತು. ಅವಳು ಬೇಡ ಅಂದ್ಲು. 'ಮನೆಗೆ ಬಂದ್ಮೇಲೆ ಎತ್ಕೊಳ್ತೀನಿ ಸಿಸ್ಟರ್. ಈಗ ಎತ್ಕೊಂಡ್ರೆ ನಾವು ಕೊಟ್ಟ ಸ್ತೋತ್ರ ಸುಳ್ಳಾಗುತ್ತೆ' ಅಂದ್ಲು. ನಗ್ತಾ ಅಂದ್ಲು. ಆ ನರ್ಸಮ್ಮ ಇನ್ನೊಂದು ಸಲ ಕೇಳಿದ್ರು. ಇನ್ನೊಂದು ಸಲ ಬೇಡ ಅಂದ್ಲು."

"ನೀವು?"

"ನಾನು ಎತ್ಕೊಂಡೆ. ಕೈಯಲ್ಲಿ ಗ್ರೀಸ್ ವಾಸನೆ ಇತ್ತು, ಎಷ್ಟು ಸೋಪು ಹಾಕಿದ್ರೂ ಹೋಗಲ್ಲ ಅದು. ಅವಳು ಕಿಟಕಿ ಕಡೆ ತಿರುಗಿ ಹಾಡು ಹೇಳ್ತಾ ನಿಂತಿದ್ಲು. ಹಾಡು ಮುಗಿಯೋದ್ರೊಳಗೆ…" ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ ನಾನು. ನೀನು ಒಳ್ಳೇದಕ್ಕೇ ಹೇಳಿದ್ದು."

ಗೇಟಿನ ತನಕ ಬಿಟ್ಟು ಬಂದೆ. ಬೈಕ್ ಹತ್ತುವಾಗ, ಚೆನ್ನಾಗಿ ತಿನ್ನು, ಕಡ್ಡಿ ಆಗಿದ್ದೀಯ ಎಂದರು.

ಅವಳು ನಗುತ್ತಾ ಅಂದಳಂತೆ.

ಸೆಪ್ಟೆಂಬರ್ 19, ಶುಕ್ರವಾರ

ಪ್ರಾರ್ಥನೆ ಮಾಡಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಇವತ್ತೂ ಮಾಡಲಿಲ್ಲ. ಇನ್ನು ಮೇಲೆ ಮಾಡುವುದೂ ಇಲ್ಲ ಅನಿಸುತ್ತದೆ.

ಒಂದೇ ಒಂದು ಮಾತು. ಆ ನರ್ಸು ಎರಡು ಸಲ ಕೇಳಿದಳು. ಎರಡನೇ ಸಲ ಕೇಳುವಂತೆ ಮಾಡಿದ್ದು ನೀನಾ? ಹಾಗಿದ್ದರೆ ಮೂರನೇ ಸಲ ಯಾಕೆ ಕೇಳಿಸಲಿಲ್ಲ? ಅಕ್ಕ ಮೊದಲಿನಿಂದಲೂ ಹಾಗೇ, ಮೂರು ಸಲ ಕೇಳಿದರೆ ಒಪ್ಪಿಕೊಳ್ಳುತ್ತಾಳೆ. ಅವಳನ್ನು ಉಂಟುಮಾಡಿದವನಿಗೆ ಅಷ್ಟು ಗೊತ್ತಿರಬೇಡವೇ? ಮಗುವನ್ನು ಉಳಿಸುವುದು ನಿನ್ನ ಕೈಲಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಐದು ನಿಮಿಷ ಅವಳ ತೋಳಿಗೆ ಕೊಡಿಸುವುದೂ ಇರಲಿಲ್ಲವೇ? ಅದಕ್ಕೆ ಯಾವ ಪವಾಡ ಬೇಕಿತ್ತು? ಸ್ತೋತ್ರ ಹೇಳಿ ಹೊರಗೆ ಬಂದ ಆ ಸಾಯಂಕಾಲ ನನ್ನ ಫೋನಿನ ಚಾರ್ಜ್ ಮುಗಿದುಹೋಗಿದ್ದರೆ ಸಾಕಿತ್ತು.

ಕಸೂತಿಯ ಮುಂಭಾಗವನ್ನು ನೀನೇ ಇಟ್ಟುಕೋ. ನಾವು ಇರುವುದು ಹಿಂದುಗಡೆ.

ಸೆಪ್ಟೆಂಬರ್ 22, ಸೋಮವಾರ

ಬಾಚಿಹಲ್ಲು ಪಾಸಾಯಿತು. "ಪರವಾಗಿಲ್ಲ, ಮನುಷ್ಯರದ್ದೇ," ಎಂದರು ಮೇಡಂ. ಖುಷಿಯಾಗಬೇಕಿತ್ತು. ಹೇಳಿಕೊಳ್ಳಲು ಫೋನು ಕೈಗೆತ್ತಿಕೊಂಡೆ, ಯಾರಿಗೆ ಎಂದು ತಿಳಿಯಲಿಲ್ಲ. ವಾಪಸ್ ಜೇಬಿಗೆ ಹಾಕಿದೆ. ಐದು ದಿನದಿಂದ ವಚನ ಕಳಿಸಿಲ್ಲ.

ರೂಮ್‌ಮೇಟ್ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ದೇವರು ದಿಂಡರು ಏನೂ ಇಲ್ಲ. ಮಲಗಿದರೆ ಗೋಡೆ ನಡುಗುವ ಹಾಗೆ ಗೊರಕೆ ಹೊಡೆಯುತ್ತಾಳಾದ್ದರಿಂದ ಇಡೀ ಫ್ಲೋರು ಅವಳನ್ನು ಇಂಜಿನ್ ಎನ್ನುತ್ತದೆ.

"ಏನೇ, ನಿಮ್ಮ ಹಲ್ಲೆಲೂಯದವ್ರು ಹುಡುಕ್ತಿದ್ರು. ಭಾಷಣ ರೆಡೀನಾ ಅಂತ."

"ಇಲ್ಲ."

"ದೇವರು ಯಾಕೆ ನೋವು ಕೊಡ್ತಾನೆ ಅಂತ ತಾನೆ? ಇಲ್ಲ ಅಂತ ಒಪ್ಕೊಂಡ್ಬಿಡು, ಒಂದೇ ಲೈನಲ್ಲಿ ಮುಗೀತು."

"ಇಲ್ಲದೇ ಇದ್ರೆ ನಾನು ಯಾರನ್ನ ಬೈಲಿ?" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಅವಳು ಮಡಿಸುತ್ತಿದ್ದ ಬಟ್ಟೆ ಬಿಟ್ಟು ನನ್ನನ್ನೇ ನೋಡಿದಳು. ಅಳುತ್ತಿದ್ದೆನೋ ಏನೋ. ಎದ್ದು ಬಂದು ಪಕ್ಕದಲ್ಲಿ ಕೂತಳು. ಭಾವ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳುತ್ತಾ ನನ್ನ ಬಟ್ಟೆಯನ್ನೂ ಮಡಿಸಿಟ್ಟಳು ಮಾರಾಯ್ತಿ. ಕೊನೆಗೆ, "ಊಟಕ್ಕೆ ಟೈಮಾಯ್ತು, ನಂಗೆ ಹಸಿವಾಗಿದೆ, ನೀನೂ ಬಾ," ಎಂದಳು. ಹೋದೆ.

ಸೆಪ್ಟೆಂಬರ್ 25, ಗುರುವಾರ

ಆಯಿತು. ಬರೆದುಬಿಡುತ್ತೇನೆ.

ಪ್ಲಾಸ್ಟರ್ ರೂಮು ತುಂಬಿತ್ತು. ವಿಷಯ ನೋಡಿ ಹೊಸಬರೂ ಬಂದಿದ್ದರು. ಲೀಡರ್ ನನ್ನನ್ನು ಪರಿಚಯಿಸಿ, "ದುಃಖದಲ್ಲೂ ನಿಂತವಳು," ಎಂದಳು. ಎದ್ದೆ. ಕೈಯಲ್ಲಿ ನಾಲ್ಕು ಹಾಳೆ ಇತ್ತು. ಮೊದಲ ಸಾಲಿನಲ್ಲಿ ಚಿನ್ನ, ಬೆಂಕಿ ಎಂದಿತ್ತು. ಓದಲು ಬಾಯಿ ತೆರೆದೆ. ಎದುರು ಕೂತಿದ್ದ ಅಷ್ಟೂ ಮುಖಗಳ ಹಿಂದೆ ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

"ಉತ್ತರ ನನ್ನ ಹತ್ರ ಇಲ್ಲ," ಎಂದೆ. "ಒಂದು ಪ್ರಾರ್ಥನೆ ಮಾಡ್ತೀನಿ, ಅಷ್ಟೇ."

ಎಲ್ಲರೂ ತಲೆ ಬಾಗಿಸಿದರು. ನಾನು ಬಾಗಿಸಲಿಲ್ಲ.

"ಕರ್ತನೇ, ಹೋದ ತಿಂಗಳು ಇಲ್ಲೇ ನಿಂತ್ಕೊಂಡು ನಮ್ಮ ಪಾಪುಗೆ ಅಂತ ಒಂದು ಸ್ತೋತ್ರ ಕೊಟ್ಟಿದ್ದೆ. ಅದನ್ನ ವಾಪಸ್ ತಗೊಳ್ತೀನಿ. ಪಾಪು ಸತ್ತೋಯ್ತು. ನಮ್ಮಕ್ಕ ಎತ್ಕೊಳ್ಲಿಲ್ಲ, ನಾನು ಹೇಳಿದ್ದೆ ಅಂತ. ನೀನು ಹೇಳಿದ್ದೆ ಅಂತ ನಾನು ಹೇಳಿದ್ದೆ. ನೀನು ಹೇಳಿರ್ಲಿಲ್ಲ. ಇಷ್ಟು ನಂದು. ಉಳಿದದ್ದು ನಿಂದು, ಅದು ಯಾಕೆ ಅಂತ ನಂಗೆ ಗೊತ್ತಿಲ್ಲ. ನಿಂಗೆ ಗೊತ್ತಿದ್ರೆ ಹೇಳು. ಆಮೆನ್."

ಯಾರೂ ಆಮೆನ್ ಎನ್ನಲಿಲ್ಲ. ಯಾರದೋ ಸ್ಟೂಲು ಕಿರ್ರೆಂದಿತು. ಲೀಡರ್ ಹಾಡೊಂದನ್ನು ಎತ್ತಿಕೊಂಡಳು. ಮೊದಲ ಚರಣ ಎಲ್ಲರಿಗೂ ಬಂತು, ಎರಡನೆಯದು ಯಾರಿಗೂ ಬರಲಿಲ್ಲ.

ನಾಲ್ಕು ಹಾಳೆಯನ್ನೂ ಮಡಿಸಿ ಜೇಬಿಗೆ ಹಾಕಿಕೊಂಡು ರೂಮಿಗೆ ಬಂದೆ.  

ಸೆಪ್ಟೆಂಬರ್ 28, ಭಾನುವಾರ

ಮೆಸ್ಸಿನಲ್ಲಿ ಬಳಗದವರು ನನಗೆ ಜಾಗ ಬಿಡುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು. ಒಬ್ಬಳು ತಟ್ಟೆ ಹಿಡಿದು ಬಂದವಳು ನನ್ನ ಪಕ್ಕ ಖಾಲಿಯಿದ್ದದ್ದನ್ನು ನೋಡಿ, ಏನೋ ಮರೆತವಳ ಹಾಗೆ ತಿರುಗಿ ಹೋದಳು. ಅವಳ ಮೇಲೆ ಸಿಟ್ಟಿಲ್ಲ. ಹೋದ ತಿಂಗಳಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಮಧ್ಯಾಹ್ನ ಲೀಡರ್ ರೂಮಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬಾಗಿಲಲ್ಲೇ ನಿಂತಿದ್ದಳು.

"ನೀನು ಸುಲಭವಾಗಿ ವಾಪಸ್ ತಗೊಂಡ್ಬಿಟ್ಟೆ. ಹಾಗಾದ್ರೆ ನಮ್ಮಪ್ಪಂದು?"

"ನಿಮ್ಮಪ್ಪಂದು ಏನು?"

"ನಮ್ಮಪ್ಪನ್ನ ಡಾಕ್ಟ್ರು ಕೈಬಿಟ್ಟಿದ್ರು. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮುಂಗಡ ಸ್ತೋತ್ರ ಹೇಳ್ದೆ. ಎದ್ದು ಬಂದ್ರು. ಅದೂ ಸುಮ್ನೆ ಅಂತೀಯಾ? ಅದೂ ದೇವರು ಹೇಳಿದ್ದಲ್ವಾ?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿಲ್ಲ. "ಈಗ ಹೇಗಿದ್ದಾರೆ ಅಪ್ಪ?"

ಅವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಆಮೇಲೆ, "ಮತ್ತೆ ಕುಡೀತಾರೆ. ಮೊದಲಿನ ಹಾಗೇ. ಅಮ್ಮನ್ನ ಹೊಡೀತಾರೆ, ಮೊದಲಿನ ಹಾಗೇ. ಸಾಕ್ಷಿ ಹೇಳುವಾಗ ಅಷ್ಟನ್ನ ಬಿಟ್ಟು ಹೇಳ್ತೀನಿ," ಎಂದು ನನ್ನ ಮಂಚದ ಮೇಲೆ ಕೂತು ಮುಖ ಮುಚ್ಚಿಕೊಂಡಳು.

ಸಮಾಧಾನಕ್ಕೆ ಒಂದು ವಚನವೂ ನೆನಪಾಗಲಿಲ್ಲ. ಮಂಡಿಯೂರುವುದು ಬಿಟ್ಟ ಮೇಲೆ ತಲೆ ಖಾಲಿಯಾಗಿಬಿಟ್ಟಿದೆ. ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಅವಳ ಮೂಗು ಕೆಂಪಗಾಗಿತ್ತು. ನೀರು ಕೊಟ್ಟೆ, ಕುಡಿದಳು. ಹೋಗುವಾಗ, "ಗುರುವಾರ ಬರ್ತೀಯಾ?" ಎಂದಳು. ನೋಡೋಣ ಎಂದೆ.

ಅವಳ ಅಮ್ಮನನ್ನು ನೋಡಿಕೋ. ಅವಳು ಹೇಳದೆ ಬಿಟ್ಟದ್ದು ನಿನಗೆ ಗೊತ್ತಿದ್ದೇ ಇರುತ್ತದೆ. ಗೊತ್ತಿದ್ದರೆ ಏನಾದರೂ ಮಾಡು.

ಅಕ್ಟೋಬರ್ 1, ಬುಧವಾರ

ಫೋನಿನಲ್ಲಿ ಟೈಪ್ ಮಾಡಿ ಮಾಡಿ ಅಳಿಸಿ ಸಾಕಾಯಿತು. ಇಲ್ಲಿ ಬರೆದು, ಬರೆದದ್ದನ್ನು ಹಾಗೇ ಕಳಿಸುತ್ತೇನೆ. ಆಮೇಲೆ ತಿದ್ದುವುದಿಲ್ಲ.

ಅಕ್ಕ, ನಾನು. ಇದರಲ್ಲಿ ವಚನ ಇಲ್ಲ, ಹೆದರದೆ ಓದು.

ನರ್ಸ್ ಕೇಳಿದ್ದು, ನೀನು ಬೇಡ ಅಂದದ್ದು, ಭಾವ ಹೇಳಿದರು. ಅವರನ್ನು ಬೈಯಬೇಡ, ನಂಗೆ ಗೊತ್ತಿದೆ ಅಂದುಕೊಂಡಿದ್ದರು. ಅಕ್ಕ, ಆವತ್ತು ಬೇಡ ಅಂದವಳು ನೀನಲ್ಲ. ನೀನು ನನ್ನ ಮಾತು ನಂಬಿದೆ, ಅಷ್ಟೇ. ನಾನು ದೇವರ ಹೆಸರಲ್ಲಿ ಹೇಳಿದೆ, ನಂಗೆ ಅವನು ಏನೂ ಹೇಳಿರಲಿಲ್ಲ. ಅಳಬೇಡ ಅಂದಿದ್ದೆ. ಅದನ್ನು ಕೇಳಬೇಡ. ಎಷ್ಟು ಬೇಕೋ ಅಷ್ಟು ಅಳು.

ಚರ್ಚಿಗೆ ಬಾ ಅಂತ ನಾನು ಹೇಳಲ್ಲ. ದೇವರ ವಿಷಯ ಎತ್ತೋದೇ ಇಲ್ಲ, ನಂಗೇ ಅವನ ಹತ್ರ ಇನ್ನೂ ಜಗಳ ಮುಗಿದಿಲ್ಲ.

ಇಷ್ಟು ದಿನದಲ್ಲಿ ಪಾಪು ಹೇಗಿದ್ದ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಯಾರ ಥರ ಇದ್ದ? ತಲೆಕೂದಲಿತ್ತಾ? ಕಣ್ಣು ಬಿಟ್ಟಿದ್ದನಾ? ನಿಂಗೆ ಹೇಳೋಕೆ ಆದರೆ ಹೇಳು, ಇಲ್ಲದಿದ್ದರೆ ಇಬ್ಬರೂ ಸುಮ್ಮನೆ ಕೂರೋಣ.

ಶನಿವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ನಿನ್ನ ಹತ್ರ ಇರ್ತೀನಿ. ವಾರ್ಡನ್ ಹತ್ರ ನಾಳೆಯೇ ಪರ್ಮಿಶನ್ ಕೇಳಬೇಕು. ಬರಲಾ, ಬೇಡವಾ? ಒಂದೇ ಪದ ಆದರೂ ಸಾಕು. ಬೇಗ ಉತ್ತರ ಕೊಡು.